ಬೆಲ್‌ರೋಸಿನ ಅಲೆಯಲಗು

ಎಡಿಸನ್, ನ್ಯೂಜೆರ್ಸಿ
14 ಮಾರ್ಚ್ 1999

ಮಾನ್ಯ ಡಾ. ಸಿದ್ದರಾಮಪ್ಪನವರಿಗೆ,

ನಮಸ್ಕಾರಗಳು. ಕನ್ನಡ ಕೂಟದ ಯುಗಾದಿ ಸಂಚಿಕೆಯ ಕೊನೆಯ ಪುಟದಲ್ಲಿ, ವಧೂವರರ ಜಾಹೀರಾತಿಗೂ ಭರತನಾಟ್ಯ ಕ್ಲಾಸಿನ ಜಾಹೀರಾತಿಗೂ ನಡುವೆ, "ಬೋಸ್ನಿಯಾ ದೇಶದ ಹಳೆಯ ಚಾಕುಗಳಲ್ಲಿ ಆಸಕ್ತಿಯುಳ್ಳ ಕನ್ನಡಿಗರು ಪತ್ರ ಮುಖೇನ ಸಂಪರ್ಕಿಸಿ. ಇ-ಮೇಲ್ ಬೇಡ" ಎಂಬ ನಿಮ್ಮ ಪ್ರಕಟಣೆ ಕಂಡೆ. ಮೂರು ಸಲ ಓದಿದೆ. ಮೂರು ರಾಜ್ಯಗಳ ಈ ಇಡೀ ಟ್ರೈಸ್ಟೇಟಿನಲ್ಲಿ ಇಂಥ ಹುಚ್ಚು ನನಗೊಬ್ಬಳಿಗೇ ಎಂದುಕೊಂಡಿದ್ದೆ.

ನಾನು ಹಂಸಾ. ಊರು ಮಂಡ್ಯ. ಇಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆರೆದು, ಎರಡೇ ಅಂಕಿಯಲ್ಲಿ ಬರೆದ ಇಸವಿಗಳನ್ನು ನಾಲ್ಕು ಅಂಕಿಗೆ ಬದಲಿಸುವುದು ನನ್ನ ಕೆಲಸ. ಡಿಸೆಂಬರ್ ಮೂವತ್ತೊಂದರೊಳಗೆ ಮುಗಿಸದಿದ್ದರೆ ಕಂಪ್ಯೂಟರುಗಳು 2000ವನ್ನು 1900 ಎಂದುಕೊಂಡು ಪ್ರಳಯವಂತೆ.

ಎರಡು ವರ್ಷದ ಹಿಂದೆ ಹಳೆ ಸಾಮಾನು ಮಾರುವ ಭಾನುವಾರದ ಫ್ಲೀ ಮಾರ್ಕೆಟ್ಟಿನಲ್ಲಿ ಒಂದು ಹಿತ್ತಾಳೆಯ ಕೊಳವೆ ಕೊಂಡೆ. ನನ್ನ ಯಜಮಾನರು ರಾಕೇಶ್ ಅದನ್ನು ಊದುಬತ್ತಿ ಡಬ್ಬಿ ಎಂದರು. ಮಾರಿದ ಹೆಂಗಸು ಬೋಸ್ನಿಯಾದವಳು. "ಇದು ಬಿಚಾಕಿನ ಒರೆ, ಬಿಚಾಕ್ ಎಲ್ಲಿ ಹೋಯಿತೋ ಗೊತ್ತಿಲ್ಲ" ಎಂದಳು. ಬಿಚಾಕ್ ಎಂದರೆ ಅವರ ಸೊಂಟದ ಚಾಕು. ಒರೆಯಿಂದ ಬಿಚ್ಚುವುದರಿಂದ ಬಿಚಾಕ್ ಇರಬಹುದೆಂದು ನಾನು ಒಂದು ವಾರ ನಂಬಿದ್ದೆ. ಈಗ ನನ್ನ ಹತ್ತಿರ ಐದು ಒರೆಗಳಿವೆ. ಎರಡಕ್ಕೆ ಮಾತ್ರ ಚಾಕು ಇದೆ. ನಿಜ ಹೇಳಬೇಕೆಂದರೆ ನನಗೆ ಚಾಕುವಿಗಿಂತ ಒರೆಯ ಮೇಲೇ ಮೋಹ.

ಆ ಮೊದಲ ಒರೆ ಇನ್ನೂ ಖಾಲಿ. ಮರದ ಮೇಲೆ ಹಿತ್ತಾಳೆ ತಗಡು, ಉದ್ದ ಹತ್ತೊಂಬತ್ತು ಸೆಂಟಿಮೀಟರ್. ಮೇಲೆಲ್ಲ ಕಿಲುಬು, ಕೆಳಗೆ ಏನೋ ಚಿತ್ತಾರ ಇದೆ, ಕಾಣುವುದಿಲ್ಲ. ನಿಮ್ಮ ಸಂಗ್ರಹದಲ್ಲಿ ಒರೆ ಕಳೆದುಕೊಂಡ ಚಾಕು ಇದೆಯೇ?

ವಿಶ್ವಾಸದ,
ಹಂಸಾ


ಬೆಲ್‌ರೋಸ್, ಕ್ವೀನ್ಸ್
24 ಮಾರ್ಚ್ 1999

ಶ್ರೀಮತಿ ಹಂಸಾ ಅವರಿಗೆ,

ತಮ್ಮ ಪತ್ರ ತಲುಪಿ ಸಂತೋಷವಾಯಿತು. ನಾನು ಮೂಳೆ ಶಸ್ತ್ರವೈದ್ಯ. ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಮೂರು ವರ್ಷದ ಹಿಂದೆ ಚಾಕುಗಳಿಗೆ ಪೂರ್ಣ ಸಮಯ ಕೊಡುವ ಸಲುವಾಗಿ ಸ್ವಇಚ್ಛೆಯಿಂದ ನಿವೃತ್ತನಾದೆ. ಇಲ್ಲೇ ಕ್ವೀನ್ಸಿನ ಅಸ್ತೋರಿಯಾದಲ್ಲಿ ಇಸ್ಮೆತ್ ಎಂಬ ಬೋಸ್ನಿಯಾದ ದರ್ಜಿ ಇದ್ದಾನೆ. ಅವನ ಮೊಣಕಾಲನ್ನು ನಾನು ಸರಿಪಡಿಸಿದ್ದೆ. ಅವನು ಕೊಟ್ಟ ಚಾಕುವೇ ನನ್ನ ಮೊದಲನೆಯದು. ಈಗ ಹದಿನಾಲ್ಕು ಇವೆ, ಎಲ್ಲಕ್ಕೂ ನಂಬರು ಕೊಟ್ಟಿದ್ದೇನೆ.

ಒರೆಯ ಮೇಲಿನ ತಮ್ಮ ಮೋಹ ನನಗೆ ಅರ್ಥವಾಗಲಿಲ್ಲ. ಒರೆ ಎಂದರೆ ಚಾಕುವಿನ ಅಂಗಿ. ನಾನು ಯಾವ ರೋಗಿಯನ್ನೂ ಅಂಗಿಯ ಮೇಲಿಂದ ಪರೀಕ್ಷಿಸಿದವನಲ್ಲ. ಆದರೂ ಒಂದು ಮಾತು: ಆ ಕಿಲುಬನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ನೂರು ವರ್ಷದ ದಾಖಲೆ. ಒಮ್ಮೆ ಹೋದರೆ ಮತ್ತೆ ನೂರು ವರ್ಷ ಕಾಯಬೇಕು. ನನಗೆ ಅಷ್ಟು ಬಿಡುವಿಲ್ಲ.

ನನ್ನ ಏಳನೇ ನಂಬರಿನ ಚಾಕುವಿಗೆ ಒರೆ ಇಲ್ಲ. ಬಿಳಿ ಮೂಳೆಯ ಹಿಡಿ, ಅದರ ಮೇಲೆ ಚುಕ್ಕೆಯುಳ್ಳ ಪುಟ್ಟ ಪುಟ್ಟ ವೃತ್ತಗಳು. ಪ್ರತಿ ವೃತ್ತವೂ ಬಲಗಡೆ ಒಂದಿಷ್ಟು ತುಂಡಾಗಿದೆ. ಮಾಡಿದವನ ಅಚ್ಚಿನ ಮೊಳೆ ಮುರಿದಿದ್ದಿರಬೇಕು. ಚಾಕುವನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದ ನಕ್ಷೆಯನ್ನು ಲಗತ್ತಿಸಿದ್ದೇನೆ. ನಕ್ಷೆ ನನ್ನ ಕೈಯದು. ಪತ್ರವನ್ನು ಮಾತ್ರ ನಾನು ಹೇಳಿ ಮನೆಯವರಿಂದ ಬರೆಸುತ್ತೇನೆ. ಡಿಕ್ಟೇಶನ್ ಕೊಡುವುದು ಆಸ್ಪತ್ರೆಯಿಂದ ಬಂದ ಅಭ್ಯಾಸ.

ಇಂತಿ,
ಸಿದ್ದರಾಮಪ್ಪ

ತಾ.ಕ.: ನಾ ಶಿವಲಿಂಗಮ್ಮ, ಇವರ ಮನಿಯಾಕಿ. ನೀರು ಕುಡೀಲಿಕ್ಕೆ ಎದ್ದಾರ, ಅದಕ್ಕ ಬರೀಲಿಕತ್ತೀನಿ. ನಿಮ್ಮ ಪತ್ರ ಬಂದ ದಿನ ಎರಡು ರೊಟ್ಟಿ ಹೆಚ್ಚಿಗಿ ಉಂಡ್ರು. ತಪ್ಪಿಸಲಾರದ ಬರೀರಿ.


ಎಡಿಸನ್
2 ಏಪ್ರಿಲ್ 1999

ಡಾಕ್ಟರ್ ಅಂಕಲ್,

ಹೀಗೆ ಕರೆಯಬಹುದಲ್ಲವೇ? ನಕ್ಷೆ ನೋಡಿದಾಗಿನಿಂದ 'ಮಾನ್ಯ' ಎಂದು ಬರೆಯುವಷ್ಟು ತಾಳ್ಮೆ ಉಳಿದಿಲ್ಲ.

ಏಳನೇ ನಂಬರಿನ ಅಲಗು ಅಲೆ ಅಲೆಯಾಗಿದೆ. ನೀವು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ನನ್ನ ಕಣ್ಣು ಎಷ್ಟು ಚುರುಕು ಎಂದು ಪರೀಕ್ಷಿಸಲು ತಾನೇ? ನಾನು ಭೂತಗನ್ನಡಿ ಹಿಡಿದು ಎಣಿಸಿದೆ. ಮೊನೆಯಿಂದ ಹಿಡಿಯವರೆಗೆ ಒಂದು ಕಡೆ ಹನ್ನೊಂದು ಅಲೆ, ಇನ್ನೊಂದು ಕಡೆ ಒಂಬತ್ತು. ಹಿಡಿಯಲ್ಲೂ ಅಲೆ ಮುಂದುವರಿದಿದೆ. ಮೂಳೆಯನ್ನು ಹಾಗೆ ಕೊರೆಯಬೇಕಾದರೆ ಆ ಕೆಲಸಗಾರ ಎಂಥ ಹಟಮಾರಿಯಾಗಿರಬೇಕು.

ಲೈಬ್ರರಿಯಲ್ಲಿ ಸಿಕ್ಕ ಎರಡು ಪುಸ್ತಕ ತಿರುವಿ ಹಾಕಿದೆ. ಇಂಟರ್ನೆಟ್ಟಿನ ಚಾಕು ಗುಂಪಿನಲ್ಲಿ ವಿಚಾರಿಸಿದೆ. ಬೋಸ್ನಿಯಾದಲ್ಲಿ ಅಲೆಯಲಗನ್ನು ಕಂಡವರೇ ಇಲ್ಲ. ದಯವಿಟ್ಟು ಒಂದು ಫೋಟೋ ತೆಗೆದು ಕಳುಹಿಸಿ.

ಹಂಸಾ


ಬೆಲ್‌ರೋಸ್
15 ಏಪ್ರಿಲ್ 1999

ಚಿ. ಹಂಸಾಗೆ ಆಶೀರ್ವಾದಗಳು.

ನಿನ್ನ ಸೂಕ್ಷ್ಮ ದೃಷ್ಟಿಗೆ ಮೆಚ್ಚಿದೆ. ಅಲೆಗಳ ವಿಷಯದಲ್ಲಿ ಈ ಹಂತದಲ್ಲಿ ಹೆಚ್ಚಿಗೆ ಏನನ್ನೂ ಹೇಳಲಾರೆ. ಫೋಟೋ ತೆಗೆಯಬಹುದಿತ್ತು, ಆದರೆ ಕ್ಯಾಮೆರಾ ರಿಪೇರಿಗೆ ಹೋಗಿದೆ.

ಅದಿರಲಿ, ನಾಲ್ಕನೇ ನಂಬರಿನ ಬಗ್ಗೆ ಬರೆಯುತ್ತೇನೆ. ಅದರ ಹಿಡಿ ಕಪ್ಪು ಕೊಂಬಿನದು, ಒರೆಯ ತುದಿಯಲ್ಲಿ ಗುಂಡಿಯಂಥ ಒಂದು ಗಂಟು ಇದೆ. ಒಂಬತ್ತನೆಯದಕ್ಕೆ ಗಂಟಿಲ್ಲ, ಬದಲಿಗೆ ಎಲೆಯ ಆಕಾರ. ಎರಡೂ ಒಂದೇ ಊರಿನವೆಂದು ಮಾರಿದವನು ಹೇಳಿದ್ದ. ನನಗೆ ಒಪ್ಪಿಗೆಯಿಲ್ಲ. ನಿನ್ನ ಒರೆಗಳ ತುದಿ ಹೇಗಿವೆ? ಅಂಗಿಯ ಬಗ್ಗೆ ನಾನು ಅಂದದ್ದನ್ನು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸಿದ್ದರಾಮಪ್ಪ

ತಾ.ಕ.: ಕ್ಯಾಮೆರಾ ಕಪಾಟಿನ್ಯಾಗ ಐತಿ. ನಾ ಇಷ್ಟ ಹೇಳಾಕಿ. ಶಿ.


ಎಡಿಸನ್
9 ಮೇ 1999

ಡಾಕ್ಟರ್ ಅಂಕಲ್,

ಉತ್ತರ ತಡವಾಯಿತು. ಮದ್ದೂರಿನಿಂದ ನಮ್ಮ ಅತ್ತೆ ಕೆಂಪಮ್ಮನವರು ಆರು ತಿಂಗಳಿಗೆಂದು ಬಂದಿದ್ದಾರೆ. ನಾನೂ ರಾಕೇಶೂ ಬೆಳಿಗ್ಗೆ ಏಳಕ್ಕೆ ಟ್ರೈನು ಹಿಡಿದರೆ ಸಂಜೆ ಏಳಕ್ಕೆ ಮನೆ. ಅಷ್ಟು ಹೊತ್ತೂ ಮನೆಯಲ್ಲಿ ಅವರೊಬ್ಬರೇ. ಬಹಳ ಚಟುವಟಿಕೆಯ ಹೆಂಗಸು.

ಈಗ ದೊಡ್ಡ ಸುದ್ದಿ. ನನ್ನ ಖಾಲಿ ಒರೆಯ ಮೇಲೂ ಚುಕ್ಕೆಯಿರುವ ವೃತ್ತಗಳಿವೆ, ಪ್ರತಿಯೊಂದೂ ಬಲಗಡೆ ತುಂಡು. ಇಷ್ಟು ದಿನ ಕಿಲುಬಿನಡಿ ಕಾಣದ್ದು ಈಗ ಹೇಗೆ ಕಂಡಿತು ಎಂದು ಕೇಳುತ್ತೀರಿ. ಬೆಳಕು ಅಂಕಲ್. ಮೇ ತಿಂಗಳ ಬೆಳಕೇ ಬೇರೆ.

ನಿಮ್ಮ ಏಳನೆಯದೂ ನನ್ನ ಒರೆಯೂ ಒಂದೇ ಅಚ್ಚಿನ ಮೊಳೆಯಿಂದ ಬಂದವು. ಆದರೆ ನನ್ನ ಒರೆಯೊಳಗಿನ ಮರ ನೆಟ್ಟಗಿದೆ. ಅಲೆಯಲಗು ಅದರೊಳಗೆ ಇಳಿಯುವುದು ಸಾಧ್ಯವಿಲ್ಲ. ಹಾಗಾಗಿ ಆ ಕೆಲಸಗಾರ ಎರಡು ಚಾಕು ಮಾಡಿರಬೇಕು, ಒಂದು ನೆಟ್ಟಗೆ, ಒಂದು ಅಲೆಯಾಗಿ.

ಇದನ್ನೆಲ್ಲ ನಮ್ಮ ಪಿಸ್ಕಾಟವೇಯ ಚಾಕು ಕ್ಲಬ್ಬಿಗೆ ಹೇಳಿದೆ. ಜೂನ್ ಹನ್ನೆರಡಕ್ಕೆ ಭಾಷಣ ಕೊಡಲು ಕರೆದಿದ್ದಾರೆ. ನಿಮ್ಮ ನಕ್ಷೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುತ್ತೇನೆ. ವಿಷಯ: 'ಬೆಲ್‌ರೋಸಿನ ಅಲೆಯಲಗು'. ನಿಮ್ಮ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ.

ಹಂಸಾ


ಬೆಲ್‌ರೋಸ್
18 ಮೇ 1999

ಚಿ. ಹಂಸಾಗೆ,

ಭಾಷಣ ಬೇಡ. ಸಂಶೋಧನೆಯಲ್ಲಿ ಅವಸರ ಸಲ್ಲದು.

ಇನ್ನೊಂದು ವಿಷಯ. ಉಕ್ಕಿನ ಸ್ವಭಾವ ಚಳಿಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಒಂದು ಬಗೆ. ನಿನ್ನೆ ಏಳನೇ ನಂಬರನ್ನು ಮತ್ತೆ ನೋಡಿದೆ. ಮಾರ್ಚಿಗೆ ಹೋಲಿಸಿದರೆ ಅಲೆಗಳು ಕಡಿಮೆಯಾದಂತೆ ಕಾಣುತ್ತವೆ. ಜೂನಿನ ಹೊತ್ತಿಗೆ ಅಲಗು ಬಹುತೇಕ ನೆಟ್ಟಗಾದರೂ ಆಶ್ಚರ್ಯವಿಲ್ಲ. ಆದ್ದರಿಂದ ನೀನು ಆ ಒರೆಯನ್ನು ನನಗೆ ಕಳುಹಿಸಿದರೆ ಹಾಕಿ ನೋಡಬಹುದು.

ಸಿದ್ದರಾಮಪ್ಪ

ತಾ.ಕ.: ಉಕ್ಕಿನ ಮಾತು ಬರೆಯೂ ಮುಂದ ನಾ ಎರಡು ಸರ್ತೆ ಪೆನ್ ಕೆಳಗ ಇಟ್ಟೆ. ಶಿ.


ಎಡಿಸನ್
25 ಮೇ 1999

ಡಾಕ್ಟರ್ ಅಂಕಲ್,

ನಿಮ್ಮ ವಿನಯ ದೊಡ್ಡದು. ಹೆಸರು ಬರುವುದು ಬೇಡವೆಂದು ಉಕ್ಕಿನ ಮೇಲೆ ಇಂಥ ಕಥೆ ಕಟ್ಟಿದ್ದೀರಿ. ಓದಿ ನಾನೂ ರಾಕೇಶೂ ನಕ್ಕೆವು. ಆದರೆ ಭಾಷಣ ನಿಲ್ಲಿಸಲಾಗದು. ಹಾಲ್ ಬುಕ್ ಆಗಿದೆ, ಕನೆಕ್ಟಿಕಟ್‌ನಿಂದಲೂ ಇಬ್ಬರು ಬರುತ್ತಾರಂತೆ.

ಒರೆಯನ್ನು ಮಾತ್ರ ಈಗ ಕಳುಹಿಸಲಾರೆ. ಅಂಚೆಯಲ್ಲಿ ಕಳೆದುಹೋದರೆ? ಅದೂ ಅಲ್ಲದೆ ನಿಮ್ಮ ಕಡೆಯ ಬೆಳಕಿನಲ್ಲಿ ಅದು ಬೇರೆ ಥರ ಕಾಣಬಹುದು.

ಹಂಸಾ


ಬೆಲ್‌ರೋಸ್
2 ಜೂನ್ 1999

ಹಂಸಾ,

ಇದು ನನ್ನ ಕೈಬರಹ. ಶಿವಲಿಂಗಿ ಇನ್ನು ಮೇಲೆ ಬರೆಯುವುದಿಲ್ಲ ಅಂದಳು.

ಅಲಗು ನೆಟ್ಟಗಿದೆ. ಅಲೆ ಚಾಕುವಿನದಲ್ಲ. ನನ್ನ ಕೈ ನಡುಗುತ್ತದೆ. ಮೂರು ವರ್ಷವಾಯಿತು. ಆಸ್ಪತ್ರೆ ಬಿಟ್ಟದ್ದು ಅದಕ್ಕೇ. ಚಾಕುಗಳಿಗಾಗಿ ಅಲ್ಲ.

ಮೊದಲೇ ಹೇಳಬೇಕಾಗಿತ್ತು. ನೀನು ಹನ್ನೊಂದು ಎಣಿಸಿದ ಮೇಲೆ ಬಾಯಿ ಬರಲಿಲ್ಲ.

ಭಾಷಣ ಮಾಡಬೇಡ. ಜನ ನಿನ್ನನ್ನು ನೋಡಿ ನಗುತ್ತಾರೆ. ನನ್ನನ್ನು ನೋಡಿ ನಕ್ಕರೆ ಚಿಂತೆಯಿಲ್ಲ.

ಸಿ.


ಎಡಿಸನ್
5 ಜೂನ್ 1999

ಡಾಕ್ಟರ್ ಅಂಕಲ್,

ನಿಮ್ಮ ಪತ್ರವನ್ನು ಮೆಟ್ರೋಪಾರ್ಕ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ, ಕಾರಿನಲ್ಲಿ ಕುಳಿತು ಓದಿದೆ. ಎರಡು ಟ್ರೈನು ಹೋದವು. ಬ್ಯಾಗಿನಲ್ಲಿದ್ದ ನಕ್ಷೆಯನ್ನು ತೆಗೆದು ಪತ್ರದ ಪಕ್ಕದಲ್ಲಿಟ್ಟೆ. 'ಹಂಸಾ' ಎಂಬ ಎರಡು ಅಕ್ಷರದಲ್ಲೂ ಅದೇ ಅಲೆ ಇತ್ತು. ಇಷ್ಟು ದಿನ ಭೂತಗನ್ನಡಿ ಹಿಡಿದು ನಾನು ಎಣಿಸಿದ್ದು ಏನನ್ನು ಎಂದು ಆಗ ಗೊತ್ತಾಯಿತು. ನಾಚಿಕೆಯಾಯಿತು.

ಕ್ಲಬ್ಬಿಗೆ ಫೋನ್ ಮಾಡಿ ಭಾಷಣದ ವಿಷಯ ಬದಲಿಸಿದ್ದೇನೆ. ಒರೆಗಳ ತುದಿಯ ಬಗ್ಗೆ ಮಾತಾಡುತ್ತೇನೆ, ನಿಮ್ಮ ನಾಲ್ಕು ಮತ್ತು ಒಂಬತ್ತರ ಜಗಳ ಸೇರಿಸಿ. ಯಾರೂ ನಗುವುದಿಲ್ಲ, ನಿದ್ದೆ ಹೋಗಬಹುದು.

ನೀವು ನಿಜ ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ. ಮೇ ತಿಂಗಳ ಬೆಳಕು ಎಂದು ಬರೆದೆನಲ್ಲ, ಅದು ಬೆಳಕಲ್ಲ. ಹುಣಸೆಹಣ್ಣು.

ಅತ್ತೆ ಬಂದ ನಾಲ್ಕನೆಯ ದಿನ. ಸಂಜೆ ಮನೆಗೆ ಬಂದರೆ ಸಿಂಕಿನ ಪಕ್ಕದಲ್ಲಿ ಒರೆ ಬಂಗಾರದ ಹಾಗೆ ಹೊಳೆಯುತ್ತಾ ಕುಳಿತಿತ್ತು. ಅತ್ತೆ ಅಂದರು: "ಅದೇನವ್ವಾ ಅದು, ಯಾವ ಕಾಲ್ದಲ್ಲಿ ತೊಳ್ದಿದ್ರೋ ಏನೋ. ಮೂರು ದಪ ಉಜ್ದೆ. ಮನೇಗೆ ಬಂದೋರು ನೋಡುದ್ರೆ ಏನಂದ್ಕೊಂಡಾರು?" ನಾನು ಥ್ಯಾಂಕ್ಸ್ ಹೇಳಿ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಆದರೆ ಆ ವೃತ್ತಗಳು ಕಂಡದ್ದು ಅವರಿಂದಲೇ. ಅಲಗು ನೆಟ್ಟಗಿದ್ದರೆ ಅಂಕಲ್, ನಿಮ್ಮ ಚಾಕು ನನ್ನ ಒರೆಯದು.

ಹಂಸಾ


ಬೆಲ್‌ರೋಸ್
11 ಜೂನ್ 1999

ಶ್ರೀಮತಿ ಹಂಸಾ ಅವರಿಗೆ,

ತಮ್ಮ ಪತ್ರ ತಲುಪಿತು. ಮನೆಯವರು ಮತ್ತೆ ಬರೆದುಕೊಡಲು ಒಪ್ಪಿದ್ದಾರೆ.

ನನ್ನ ಕೈ ನಡುಗಿದ್ದರಿಂದ ಹಾಳಾದದ್ದು ಒಂದು ಹಾಳೆ. ಹುಣಸೆಹಣ್ಣಿನಿಂದ ಹಾಳಾದದ್ದು ಒಂದು ಶತಮಾನ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತಾವು ಬರೆದದ್ದು ಸರಿಯಲ್ಲ. ಮುಂದಿನ ಪತ್ರವ್ಯವಹಾರದ ಅಗತ್ಯ ನನಗೆ ಕಾಣುವುದಿಲ್ಲ.

ಇಂತಿ,
ಡಾ. ಸಿದ್ದರಾಮಪ್ಪ

ತಾ.ಕ.: ಮೂರು ಸರ್ತೆ ಉಜ್ಜಿದ್ರೋ ನಾಕು ಸರ್ತೆಯೋ ಕೇಳಿ ತಿಳಸ್ರಿ. ನಮ್ಮ ದೇವರ ಮುಂದಿನ ಹಿತ್ತಾಳಿ ದೀಪಗಳು ಭಾಳ ಕಪ್ಪಾಗ್ಯಾವ. ಶಿ.


ಬೆಲ್‌ರೋಸ್
20 ಜುಲೈ 1999

ಹಂಸಾ ತಂಗಿಗೆ ಶಿವಲಿಂಗಮ್ಮ ಮಾಡುವ ಶರಣು.

ಈ ಸಲ ಯಾರೂ ಹೇಳಿ ಬರೆಸಿಲ್ಲ. ಇವರು ಮಲಗ್ಯಾರ, ಮಧ್ಯಾಹ್ನದ ನಿದ್ದಿ. ನಿನ್ನ ಹೆಸರು ತಗದ್ರ ಮುಖ ತಿರುಗಸ್ತಾರ. ಆದ್ರ ದಿನಾ ಹನ್ನೊಂದು ಗಂಟೆಕ್ಕ ಅಂಚೆಯವ ಬರೂ ಹೊತ್ತಿಗೆ ಕಿಡಕಿ ಹತ್ರ ನಿಂತಿರ್ತಾರ. ಐದು ವಾರದಿಂದ ನೋಡೀನಿ.

ಒಂದು ಮಾತು ನಿನಗ ಹೇಳಬೇಕು. ಕೈ ನಡುಗೂದು ಮೂರು ವರ್ಷ ಆತು, ಇವರು ಇನ್ನೂ ಯಾರಿಗೂ ತೋರಿಸಿಲ್ಲ. ಮಂದಿ ಎಲುಬು ಮುರದ್ರ ಓಡಿ ಹೋಗತಿದ್ದ ಮನಶ್ಯಾ ತನ್ನ ಕೈ ತೋರ್ಸಾಕ ಅಂಜತಾನ. ಪುಸ್ತಕ ತಗದು ಪಾರ್ಕಿನ್ಸನ್ ಅನ್ನೂ ಪುಟ ಓದತಾರ, ನಾ ಹೋದ್ರ ಮುಚ್ಚತಾರ. ನಾ ಏನೂ ಕೇಳಿಲ್ಲ. ಕೇಳೂದು ನನಗೂ ಅಂಜಿಕಿ.

ಆಗಸ್ಟ್ ಒಂದನೇ ತಾರೀಕು ಐತವಾರ ಊಟಕ್ಕ ಬರ್ರಿ. ಅತ್ತಿಯವರನ್ನೂ ಕರಕೊಂಡು ಬಾ. ಒರಿ ಮರೀಬ್ಯಾಡ. ಇಸ್ಮೆತ್‌ಗೂ ಹೇಳೀನಿ. ಇವರಿಗೆ ಹೇಳಿಲ್ಲ.


ಎಡಿಸನ್
8 ಆಗಸ್ಟ್ 1999

ಡಾಕ್ಟರ್ ಅಂಕಲ್,

ಆಂಟಿಯ ಜೋಳದ ರೊಟ್ಟಿ, ಎಣ್ಣೆಗಾಯಿ ಇನ್ನೂ ನಾಲಿಗೆಯ ಮೇಲಿದೆ. ಬಾಗಿಲು ತೆರೆದು ನಮ್ಮನ್ನು ಕಂಡಾಗ ನೀವು ಮೊದಲು ನೋಡಿದ್ದು ನನ್ನನ್ನಲ್ಲ, ಅತ್ತೆಯ ಕೈಯನ್ನು. ಹುಣಸೆಹಣ್ಣು ತಂದಿದ್ದಾರೋ ಎಂದು ಹುಡುಕಿದಿರಿ. ನಾನು ಗಮನಿಸಿದೆ.

ಏಳನೇ ನಂಬರನ್ನು ಒರೆಗೆ ಹಾಕಿದ ಗಳಿಗೆಯನ್ನು ನಾನು ಮರೆಯುವುದಿಲ್ಲ. ನಾನು ಒರೆ ಹಿಡಿದಿದ್ದೆ, ನೀವು ಚಾಕು. ಒರೆಯ ಬಾಯಿಯ ಸುತ್ತ ಮೊನೆ ಎರಡು ಮೂರು ಸಲ ಅಲೆದಾಡಿತು. ಯಾರೂ ಸಹಾಯಕ್ಕೆ ಕೈ ಹಾಕಲಿಲ್ಲ. ಒಳಗೆ ಹೋದದ್ದೇ ತಡ, ಮರವೇ ಅದನ್ನು ಸರಾಗ ಇಳಿಸಿಕೊಂಡು ಟಕ್ಕೆಂದಿತು. ನೀವು "ಫೋಟೋ ತೆಗೀಬೇಕು" ಎಂದು ಮಹಡಿಗೆ ಹೋದಿರಿ. ಕ್ಯಾಮೆರಾ ಕೆಳಗಿನ ಕಪಾಟಿನಲ್ಲೇ ಇತ್ತು. ನೀವು ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಆ ಇಪ್ಪತ್ತು ನಿಮಿಷದಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ಇನ್ನು ಮುಚ್ಚಿಡುವುದಿಲ್ಲವೆಂದು ನಿರ್ಧರಿಸಿದ್ದೇನೆ.

ಇಸ್ಮೆತ್ ಒರೆಯನ್ನು ತಿರುಗಿಸಿ ನೋಡಿದರು. ಯಾರು ತೊಳೆದದ್ದು ಎಂದು ಕೇಳಿದರು. ನಾನು ಹೆದರುತ್ತಲೇ ಅತ್ತೆಯನ್ನು ತೋರಿಸಿದೆ. ಅವರು ಎದ್ದು ಬಂದು ಅತ್ತೆಗೆ ಕೈಮುಗಿದರು. ಅವರ ತಾಯಿ ಪ್ರತಿ ಹಬ್ಬಕ್ಕೂ ಬೂದಿ ಮತ್ತು ವಿನಿಗರ್ ಹಾಕಿ ಮನೆಯ ಬಿಚಾಕಿನ ಒರೆಯನ್ನು ತಿಕ್ಕುತ್ತಿದ್ದರಂತೆ. ಕಿಲುಬು ಹಿಡಿಸಿದ ಮನೆಯನ್ನು ಊರವರು ಆಡಿಕೊಳ್ಳುತ್ತಿದ್ದರಂತೆ. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅತ್ತೆ, "ನೋಡ್ದಾ, ಅವ್ರೂ ನಮ್ಮಂಗೇ ಮಾನವಾಗಿ ಬದುಕೋ ಜನ" ಅಂದರು.

ಆಮೇಲೆ ಇಸ್ಮೆತ್ ಚಾಕು ಬಿಚ್ಚಿ, ಮೇಜಿನ ಮೇಲಿದ್ದ ಸೇಬನ್ನು ಹೆಚ್ಚಿದರು. ಆಂಟಿ ತಡೆಯಲಿಲ್ಲ. ಎರಡು ಸೇಬು. ನೀವು ಕೆಳಗೆ ಬಂದಾಗ ತಟ್ಟೆಯಲ್ಲಿದ್ದದ್ದು ಅದೇ ಹೋಳುಗಳು. ನೀವು ನಾಲ್ಕು ತಿಂದು, ಇಷ್ಟು ತೆಳ್ಳಗೆ ಹೆಚ್ಚಿದವರು ಯಾರು ಎಂದು ಮೆಚ್ಚಿಕೊಂಡಿರಿ.

ಚಾಕು, ಒರೆ ಎರಡೂ ನಿಮ್ಮಲ್ಲೇ ಇರಲಿ. ನೀವೇ ಇಟ್ಟುಕೊಳ್ಳಿ, ನೀವೇ ಇಟ್ಟುಕೊಳ್ಳಿ ಎಂದು ಬಾಗಿಲಲ್ಲಿ ಅರ್ಧ ಗಂಟೆ ನಿಂತೆವಲ್ಲ, ಅತ್ತೆ ಹೇಳಿದ್ದೇ ಸರಿ. "ನಾನು ಊರ್ಗೆ ಹೋದ್ಮೇಲೆ ಇವ್ಳು ಮನೇಲಿ ಇದ್ನ ತೊಳ್ಯೋರು ಯಾರು? ಆಯಮ್ಮನ ಕೈಲೇ ಇರ್ಲಿ."

ಕೊನೆಯದಾಗಿ, ಹೇಳಲು ನನಗೆ ಹಕ್ಕಿಲ್ಲದ ಒಂದು ಮಾತು. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಡಿಸೆಂಬರಿನ ಭಯ. ನಾನು ಇದುವರೆಗೆ ಆರುನೂರು ಪ್ರೋಗ್ರಾಮು ತೆರೆದು ನೋಡಿದ್ದೇನೆ. ಮುಕ್ಕಾಲು ಪಾಲಿನಲ್ಲಿ ಏನೂ ಆಗಿರಲಿಲ್ಲ. ಆಗಿದ್ದವನ್ನು ಸರಿಮಾಡಿದೆವು. ನಮ್ಮ ನಿದ್ದೆ ಕೆಡಿಸುವುದು ಇನ್ನೂ ತೆರೆಯದವು. ಯಾರಾದರೂ ಒಬ್ಬರಿಗೆ ಕೈ ತೋರಿಸಿ ಅಂಕಲ್. ಆಂಟಿಗಾಗಿಯಾದರೂ.

ಹಂಸಾ


ಬೆಲ್‌ರೋಸ್
21 ನವೆಂಬರ್ 1999

ಚಿ. ಹಂಸಾಗೆ ಆಶೀರ್ವಾದಗಳು.

ನಿನ್ನ ಆಗಸ್ಟಿನ ಪತ್ರಕ್ಕೆ ಉತ್ತರ ಬರೆಯಲು ಮೂರು ತಿಂಗಳು ಬೇಕಾಯಿತು. ಮೊದಲ ತಿಂಗಳು ಸೇಬಿನ ಸಿಟ್ಟು. ಎರಡನೆಯ ತಿಂಗಳು ಕೊನೆಯ ಪ್ಯಾರಾದ ಸಿಟ್ಟು. ಮೂರನೆಯ ತಿಂಗಳು ಶಿವಲಿಂಗಿ ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು.

ನರರೋಗದ ಡಾಕ್ಟರ್ ಬಸವಪ್ರಸಾದ್ ಎಂಬವನು, ದಾವಣಗೆರೆಯವನು. ಹಿಂದೆ ನನ್ನ ಕೈಕೆಳಗೆ ಆರು ತಿಂಗಳು ದುಡಿದವನು. ಆಗ ನಾನು ಅವನನ್ನು ಬಹಳ ಬೈದಿದ್ದೆ. ಅವನಿಗೆ ಅದೆಲ್ಲ ನೆನಪಿದೆ. ನನ್ನ ಮುಂದೆ ಒಂದು ಹಾಳೆ ಇಟ್ಟು, "ಸರ್, ಒಂದು ಸುರುಳಿ ಬರೀರಿ, ನಿಧಾನ" ಅಂದ. ಬರೆದೆ. ಚಕ್ಕುಲಿ ಒತ್ತುವಾಗ ಯಾರೋ ಕೈ ಅಲ್ಲಾಡಿಸಿದ ಹಾಗೆ ಬಂತು. ಅವನು ನಡೆಸಿ ನೋಡಿದ, ಮೊಣಕೈ ಮಡಿಸಿ ನೋಡಿದ, ಲೋಟದಲ್ಲಿ ನೀರು ಕೊಟ್ಟು ಕುಡಿಸಿದ. ನಿಮ್ಮ ಮನೆಯಲ್ಲಿ ಇನ್ನು ಯಾರಿಗಾದರೂ ಹೀಗೆ ಕೈ ನಡುಗುತ್ತಿತ್ತೇ ಎಂದು ಕೇಳಿದ. ನಮ್ಮ ತಂದೆಗೆ ಎಂದೆ. ತೊಂಬತ್ತೊಂದು ವರ್ಷ ಬದುಕಿದರು, ಚಹಾ ಯಾವಾಗಲೂ ಸಾಸರಿನಲ್ಲೇ ಕುಡಿದರು, ಅರ್ಧ ಧೋತರದ ಮೇಲೆ ಚೆಲ್ಲುತ್ತಿತ್ತು.

"ಇದು ಅದೇ ಸರ್, ಅಪ್ಪಾರಿಂದ ಬಂದದ್ದು. ನೀವು ಅಂಜಿದ್ದು ಇದಲ್ಲ" ಅಂದ.

ನಾನು ಅವನ ಜೊತೆ ವಾದ ಮಾಡಿದೆ. ಪುಸ್ತಕದ ಪುಟದ ನಂಬರು ಹೇಳಿದೆ. ಅವನು ಕೇಳಿಸಿಕೊಂಡು, "ಸರ್, ನೀವು ಮೂಳೆ ಡಾಕ್ಟರು" ಅಂದ. ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಶಿವಲಿಂಗಿ ಪಕ್ಕದ ಕುರ್ಚಿಯಲ್ಲಿ ಅಳುತ್ತಿದ್ದಳು. ಅವಳಿಗೂ ಆ ರೋಗದ ಹೆಸರು ಗೊತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು. ಮೂರು ವರ್ಷ ಇಬ್ಬರೂ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಹೇಳದೆ, ಇಲ್ಲದ ರೋಗಕ್ಕೆ ಹೆದರಿದೆವು.

ಗುಳಿಗೆ ಕೊಟ್ಟಿದ್ದಾನೆ. ನಡುಕ ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ಮತ್ತೆ ಆಪರೇಷನ್ ಮಾಡಲು ಸಾಧ್ಯವಿಲ್ಲ ಎಂದು ಅವನು ಹೇಳುವ ಮೊದಲು ನಾನೇ ಹೇಳಿದೆ.

ನಿಮ್ಮ ಅತ್ತೆಯವರು ಊರು ಮುಟ್ಟಿದರೆಂದು ಶಿವಲಿಂಗಿ ಹೇಳಿದಳು. ಇಬ್ಬರೂ ಫೋನಿನಲ್ಲಿ ಏನು ಮಾತಾಡುತ್ತಾರೋ ತಿಳಿಯದು. ಕಳೆದ ವಾರದಿಂದ ನನ್ನ ಒಂಬತ್ತನೇ ನಂಬರಿನ ಒರೆ ಹೊಳೆಯುತ್ತಿದೆ. ನಾನು ಕೇಳಿಲ್ಲ. ಅವಳೂ ಹೇಳಿಲ್ಲ. ಆದರೆ ಹೊಳೆಯುವಾಗ ಅದರ ಎಲೆಯ ನರಗಳು ಕಾಣುತ್ತವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಡಿಸೆಂಬರಿನ ಪ್ರಳಯ ಮುಗಿಸಿಕೊಂಡು ಜನವರಿಯಲ್ಲಿ ಬಾ. ರಾಕೇಶನನ್ನೂ ಕರೆದುಕೊಂಡು ಬಾ. ನಿನ್ನ ಕೆಲಸ ಆಮೇಲೆ ಇರುತ್ತದೋ ಇಲ್ಲವೋ ಎಂದು ನೀನು ನನಗೆ ಒಮ್ಮೆಯೂ ಬರೆದಿಲ್ಲ. ಬರುವಾಗ ಅದನ್ನೂ ತೆರೆದು ತೋರಿಸು.

ಈ ಪತ್ರವನ್ನು ಯಾರಿಂದಲೂ ಬರೆಸಿಲ್ಲ. ಬರೆಯಲು ನಾಲ್ಕು ದಿನ ಹಿಡಿಯಿತು. ಓದಲು ನಿನಗೆ ಎಷ್ಟು ದಿನ ಹಿಡಿಯಿತೆಂದು ತಿಳಿಸು.

ಸಿದ್ದರಾಮಪ್ಪ